ಕೇಳಿಸಿಕೊಳ್ಳೋದನ್ನು ಕಲಿಸುವ ಕೆಲಸ

ಮಂಗಳೂರಿನ ಒಂದು ಕಾಲೇಜಿನಲ್ಲಿ ಸ್ಪೀಚ್ ಥೆರಪಿ ಕಲಿಸುತ್ತೇನೆ. ಕೋರ್ಸಿನ ಹೆಸರು ಬಿಎಎಸ್‌ಎಲ್‌ಪಿ, ಅಂದರೆ ಶ್ರವಣ ಮತ್ತು ಮಾತಿನ ತೊಂದರೆಗಳ ಬಗ್ಗೆ ಕಲಿಸುವ ಪದವಿ, ನಾಲ್ಕು ವರ್ಷ, ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ಬೆಳಿಗ್ಗೆ ಕ್ಲಿನಿಕ್, ಮಧ್ಯಾಹ್ನ ಕ್ಲಾಸು. ಕ್ಲಾಸು ಅಷ್ಟು ಕಷ್ಟವಲ್ಲ. ಪುಸ್ತಕ ಇದೆ, ವಿಡಿಯೊ ಇದೆ, ವಿದ್ಯಾರ್ಥಿಗಳು ಓದಿ ಬರೆದು ಪಾಸಾಗುತ್ತಾರೆ. ಕಷ್ಟ ಇರೋದು ಕ್ಲಿನಿಕ್‌ನಲ್ಲಿ. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಮೂರು ವರ್ಷದ ಮಗುವಿನ ಎದುರು ಚಾಪೆ ಮೇಲೆ ಕೂತಾಗ, ಆ ಮಗು ಏನು ಹೇಳಿತೋ ಅದನ್ನೇ, ಒಂದು ಶಬ್ದವೂ ಹೆಚ್ಚುಕಮ್ಮಿ ಇಲ್ಲದೆ ಅವಳು ಕೇಳಿಸಿಕೊಳ್ಳಬೇಕು. ನನ್ನ ಪ್ರಕಾರ ಈ ವಿದ್ಯೆಯ ಮುಕ್ಕಾಲು ಪಾಲು ಅದೇ.

ನಮ್ಮೆಲ್ಲರ ಕಿವಿಗೂ ಒಂದು ಅಭ್ಯಾಸ ಇದೆ. ಮಗು 'ತಾಕು' ಅಂದರೆ ನಮಗೆ 'ಸಾಕು' ಅಂತಲೇ ಕೇಳಿಸುತ್ತದೆ, ಯಾಕಂದ್ರೆ ಅರ್ಥ ಗೊತ್ತಾಗಿಬಿಡುತ್ತದೆ. ತಾಯಿಗೆ ಅದು ಒಳ್ಳೆಯದೇ. ಥೆರಪಿಸ್ಟ್‌ಗೆ ಸಾಲದು. ಹಾಗಾಗಿ ಮೊದಲ ವರ್ಷದಲ್ಲೇ ಮಕ್ಕಳ ಮಾತಿನ ರೆಕಾರ್ಡಿಂಗ್ ಹಾಕುತ್ತೇನೆ. ತಂದೆ ತಾಯಿಯ ಲಿಖಿತ ಒಪ್ಪಿಗೆ ಇದ್ದವು ಮಾತ್ರ. ಐಪಿಎ ಲಿಪಿಯಲ್ಲಿ, ಅಂದರೆ ಒಂದು ಧ್ವನಿಗೆ ಒಂದೇ ಚಿಹ್ನೆ ಇರುವ ಲಿಪಿಯಲ್ಲಿ, ಕೇಳಿದ್ದನ್ನು ಬರೆಯಬೇಕು. ಕತೆ ಮತ್ತು ಕತ್ತೆ, ಬಳೆ ಮತ್ತು ಬಾಳೆ, ಹಲ್ಲಿ ಮತ್ತು ಹಳ್ಳಿ, ಇವುಗಳ ವ್ಯತ್ಯಾಸ ಕೈಗೆ ಕೂರುವ ತನಕ ಮುಂದಕ್ಕೆ ಹೋಗುವುದಿಲ್ಲ. ಬೇಜಾರಿನ ಕೆಲಸ ಹೌದು, ಆದರೆ ಇದಕ್ಕೆ ಅಡ್ಡದಾರಿ ಇಲ್ಲ.

ಯಾಕೆ ಇಷ್ಟು ಹಟ ಅಂತ ಒಂದು ಉದಾಹರಣೆ ಕೊಡುತ್ತೇನೆ. ನಾಲ್ಕು ವರ್ಷದ ಒಬ್ಬ ಹುಡುಗ ಕತ್ತೆಯ ಚಿತ್ರ ನೋಡಿ 'ತತ್ತೆ' ಅಂದ. ವಿದ್ಯಾರ್ಥಿನಿ ತಕ್ಷಣ 'ಕ ಬದಲು ತ ಹೇಳುತ್ತಾನೆ' ಅಂತ ಬರೆದುಕೊಂಡು, ಮರುದಿನದ ಲೆಸನ್ ಪ್ಲಾನ್‌ನಲ್ಲಿ ಕ ಕಲಿಸುವ ತಯಾರಿ ಮಾಡಿಕೊಂಡು ಬಂದಳು. 'ಕಿವಿ ಕೇಳಿದ್ಯಾ? ಕಾಲು ಕೇಳಿದ್ಯಾ?' ಅಂದೆ. ಕೇಳಿದಳು. ಹುಡುಗ ಎರಡನ್ನೂ ಸ್ವಚ್ಛವಾಗಿ ಹೇಳಿದ. ಬೆಕ್ಕು, ಅಕ್ಕಿ, ಅವೂ ಸರಿ. ಅಂದರೆ ಅವನಿಗೆ ಕ ಬರುತ್ತದೆ. ಕತ್ತೆಯಲ್ಲಿ ಮುಂದೆ ಬರುವ ಒತ್ತಿನ ತ್ತ ಹಿಂದಿನ ಕ-ವನ್ನು ತನ್ನ ಕಡೆ ಎಳೆದುಕೊಂಡಿತ್ತು, ಅಷ್ಟೆ. ಕಿವಿಯನ್ನೂ 'ತಿವಿ' ಅಂದಿದ್ದರೆ ವಿಷಯವೇ ಬೇರೆ, ಆಗ ನಾಲಿಗೆಯ ಹಿಂಭಾಗ ಎತ್ತುವುದನ್ನೇ ಕಲಿಸಬೇಕಾಗುತ್ತಿತ್ತು. ಒಂದೇ ಪದ ಕೇಳಿ ತೀರ್ಮಾನ ಮಾಡಿದ್ದರೆ, ಬರುವುದನ್ನೇ ಕಲಿಸುತ್ತಾ ತಿಂಗಳುಗಟ್ಟಲೆ ಕೂತಿರುತ್ತಿದ್ದರು. ಆ ಮನೆಯವರು ಬಸ್ ಹತ್ತಿ ಬಂದು ಹೋಗುವುದು, ಅವರ ಒಂದು ದಿನದ ಕೂಲಿ, ಎಲ್ಲ ಅದರಲ್ಲಿ ಸೇರಿದೆ ಅಲ್ವಾ?

ಕನ್ನಡಕ್ಕೆ 1972ರಷ್ಟು ಹಿಂದೆಯೇ ಒಂದು ಆರ್ಟಿಕ್ಯುಲೇಶನ್ ಟೆಸ್ಟ್, ಅಂದರೆ ಯಾವ ಯಾವ ಧ್ವನಿಯನ್ನು ಸರಿಯಾಗಿ ಉಚ್ಚರಿಸುತ್ತಾರೆ ಅಂತ ನೋಡುವ ಪರೀಕ್ಷೆ, ಬಂತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಮ್ಮವರ ಬಾಯಲ್ಲಿ ಆಯಿಷ್, ಕನ್ನಡದ ಮಾತಿನ ತೊಂದರೆಗಳ ಮೇಲೆ ಸಾಕಷ್ಟು ಕೆಲಸ ಮಾಡಿದೆ. ಮಂಗಳೂರಿನ ಪಾಡು ಸ್ವಲ್ಪ ಬೇರೆ. ಇಲ್ಲಿ ಮಗುವಿನ ಮನೆಯಲ್ಲಿ ತುಳು ಇರಬಹುದು, ಕೊಂಕಣಿ, ಬ್ಯಾರಿ, ಮಲಯಾಳಂ ಇರಬಹುದು, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಬೆಕ್ಕಿನ ಚಿತ್ರಕ್ಕೆ ಮಗು ತುಳುವಿನಲ್ಲಿ 'ಪುಚ್ಚೆ' ಅಂದರೆ ಬಯಲುಸೀಮೆಯಿಂದ ಬಂದ ವಿದ್ಯಾರ್ಥಿ ಗೊತ್ತಿಲ್ಲದೆ ತಪ್ಪು ಗುರುತು ಹಾಕಬಹುದು. ಮಲಯಾಳಂನ 'ಪೂಚ್ಚ' ಗೊತ್ತಿರುವುದರಿಂದ ಕೇರಳದಿಂದ ಬಂದವರು ಕೂಡಲೇ ಹಿಡಿಯುತ್ತಾರೆ. ಅದಕ್ಕೇ ನಾನು ಒಂದೊಂದು ಕೇಸಿಗೆ ಬೇರೆ ಬೇರೆ ಮನೆಮಾತಿನ ಇಬ್ಬರನ್ನು ಜೋಡಿ ಮಾಡಿ ಹಾಕುತ್ತೇನೆ. ಮಗುವಿಗೆ ಎಲ್ಲ ಭಾಷೆ ಸೇರಿ ಎಷ್ಟು ಪದ ಬರುತ್ತದೆ ಅಂತ ಲೆಕ್ಕ ಹಾಕಬೇಕು.

ಈ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಾಗುವುದು ಒಂದುಂಟು. 'ಮನೆಯಲ್ಲಿ ಇಷ್ಟೊಂದು ಭಾಷೆ ಇದ್ದರೆ ಮಗು ಗೊಂದಲಕ್ಕೆ ಬೀಳುತ್ತದೆ, ಇಂಗ್ಲಿಷ್ ಒಂದೇ ಮಾತಾಡಿ' ಅಂತ ಯಾರೋ ಹೇಳಿ ಕಳಿಸಿರುತ್ತಾರೆ. ಅಮ್ಮನಿಗೆ ಇಂಗ್ಲಿಷ್ ಅಷ್ಟು ಬಾರದು, ಅಜ್ಜಿಗೆ ಒಂದು ಪದವೂ ಬಾರದು. ಇಬ್ಬರೂ ಮಗುವಿನ ಹತ್ತಿರ ಮಾತನ್ನೇ ಕಮ್ಮಿ ಮಾಡಿರುತ್ತಾರೆ. ಎರಡು ಮೂರು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ತುಳು ಬರುವ ಅಜ್ಜಿ ತುಳುವಿನಲ್ಲೇ ಮಾತಾಡಲಿ, ಧಾರಾಳವಾಗಿ ಮಾತಾಡಲಿ. ಇದನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ, ಎಷ್ಟು ಸಲ ಹೇಳಿದರೂ ಜಾಸ್ತಿ ಆಗಲಿಲ್ಲ.

ಮನೆಯವರ ಹತ್ತಿರ ಮಾತಾಡೋದಕ್ಕೂ ತರಬೇತಿ ಬೇಕು. ಕ್ಲಾಸಿನಲ್ಲಿ ನಾನೇ ಅಜ್ಜಿಯಾಗಿ ಕೂರುತ್ತೇನೆ. 'ಇವನ ಅಪ್ಪನೂ ಲೇಟಾಗೇ ಮಾತಾಡಿದ್ದು, ಸುಮ್ನೆ ಯಾಕೆ ಕರ್ಕೊಂಡು ಬಂದ್ರಿ?' ಅಂತ ಶುರು ಮಾಡುತ್ತೇನೆ. 'ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾ ಇದ್ದೀವಿ' ಅನ್ನುತ್ತೇನೆ. ಕೆಲವರಿಗೆ ನಗು ಬರುತ್ತದೆ, ಕೆಲವರು ಉಪನ್ಯಾಸ ಕೊಡಲು ಹೊರಡುತ್ತಾರೆ. ಎರಡೂ ಬೇಡ. 'ಅಜ್ಜಿ, ಮೊದಲು ಅವನ ಕಿವಿ ಒಂದ್ಸಲ ಪರೀಕ್ಷೆ ಮಾಡಿಸೋಣ, ಕೇಳಿಸಿದರೆ ತಾನೇ ಮಾತು ಬರೋದು' ಅಂದರೆ ಯಾವ ಅಜ್ಜಿಯೂ ಜಗಳಕ್ಕೆ ಬರುವುದಿಲ್ಲ. ಮಾತು ತಡವಾದ ಪ್ರತಿ ಮಗುವಿಗೂ ಶ್ರವಣ ಪರೀಕ್ಷೆ ಆಗಲೇಬೇಕು, ಬಾಗಿಲು ಧಡ್ ಅಂದಾಗ ತಿರುಗಿ ನೋಡುತ್ತದೆ ಅನ್ನೋದು ಸಾಲದು. ದೊಡ್ಡ ಸದ್ದು ಕೇಳಿಸಿ, ಸ ಶ ತರಹದ ತೆಳು ಧ್ವನಿಗಳು ಕೇಳಿಸದ ಮಕ್ಕಳಿದ್ದಾರೆ. ಹುಟ್ಟಿದ ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ, ತೊಂದರೆ ಇದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರು. ನಮ್ಮ ವಿದ್ಯಾರ್ಥಿಗಳು ಈ 1-3-6 ಲೆಕ್ಕವನ್ನು ನಿದ್ದೆಯಲ್ಲೂ ಹೇಳಬೇಕು. ಮತ್ತೆ, 'ದೊಡ್ಡವನಾದ ಮೇಲೆ ತಾನಾಗಿ ಸರಿಹೋಗುತ್ತದೆ' ಅನ್ನೋ ಮಾತು ನಮ್ಮ ಕ್ಲಿನಿಕ್‌ನಲ್ಲಿ ಯಾರ ಬಾಯಲ್ಲೂ ಬರಕೂಡದು.

ಸ್ಟ್ರೋಕ್ ಆದ ಹಿರಿಯರ ಜೊತೆ ಕಲಿಸಬೇಕಾದ್ದು ಕಾಯುವುದನ್ನು. ಬ್ರೋಕಾಸ್ ಅಫೇಸಿಯಾ, ಅಂದರೆ ಮೆದುಳಿಗೆ ಪೆಟ್ಟಾಗಿ ಮಾತಾಡುವುದು ಕಷ್ಟವಾಗುವ ತೊಂದರೆ, ಇರುವವರಿಗೆ ನಾವು ಹೇಳಿದ್ದು ಬಹುಪಾಲು ಅರ್ಥವಾಗುತ್ತದೆ, ಉತ್ತರವೂ ಒಳಗೆ ಇರುತ್ತದೆ, ಪದ ಹೊರಗೆ ಬರುವುದಿಲ್ಲ. ಎದುರಿನವರು ಪಡುವ ಕಷ್ಟ ನೋಡಲಾಗದೆ ವಿದ್ಯಾರ್ಥಿಗಳು ತಾವೇ ಪದ ಹೇಳಿಬಿಡುತ್ತಾರೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಅಲ್ಲಿವರೆಗೆ ತುಟಿ ಬಿಚ್ಚಬೇಡಿ ಅಂತ ಹೇಳಿದ್ದೇನೆ.

ಅಡಿಕೆ ವ್ಯಾಪಾರ ಮಾಡುತ್ತಿದ್ದ ಒಬ್ಬ ಹಿರಿಯರು ಬರುತ್ತಿದ್ದರು. ಚಮಚ ತೋರಿಸಿದರೆ ಹೆಸರು ಬಾರದು, ಒಂದರಿಂದ ಹತ್ತು ಮಾತ್ರ ಸರಾಗವಾಗಿ ಎಣಿಸುತ್ತಿದ್ದರು. ಮಾತು ವಾಪಸ್ ಬಂತು ಅಂತ ಅವರ ಜೊತೆ ಕೂರುತ್ತಿದ್ದ ಮೂರನೇ ವರ್ಷದ ವಿದ್ಯಾರ್ಥಿ ಹುಡುಗನಿಗೆ ಖುಷಿಯೋ ಖುಷಿ. ಬಾಯಿಪಾಠದ ಮಾತು, ದೇವರ ಶ್ಲೋಕ, ವಾರದ ಹೆಸರು ಇವೆಲ್ಲ ಎಷ್ಟೋ ಸಲ ಉಳಿದಿರುತ್ತವೆ, ಬೇಕಾದ ಪದ ಹುಡುಕಿ ಹೇಳುವುದು ಬೇರೆ, ಮನೆಯವರಿಗೆ ಈಗಲೇ ಆಸೆ ಹುಟ್ಟಿಸಬೇಡ ಅಂದೆ. ಆಮೇಲೊಂದು ದಿನ ಅವನು 'ನಿಮಗೆ ಎಷ್ಟು ಜನ ಮಕ್ಕಳು ಸರ್?' ಅಂತ ಕೇಳಿ ಸುಮ್ಮನಾದ. ಪಕ್ಕದಲ್ಲಿದ್ದ ಮಗಳು ಉತ್ತರ ಹೇಳಲು ಬಾಯಿ ತೆರೆದರು, ಹುಡುಗ ಮೆಲ್ಲಗೆ ಕೈ ಎತ್ತಿ ತಡೆದ. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಅವರು 'ಒಂದು, ಎರಡು, ಮೂರು' ಅಂತ ಎಣಿಸಿ ಮೂರಕ್ಕೆ ನಿಂತರು. ಉಳಿದಿದ್ದ ಎಣಿಕೆಯನ್ನೇ ಹಿಡಿದುಕೊಂಡು ಬೇಕಾದ ಪದಕ್ಕೆ ತಾವೇ ತಲುಪಿದ್ದರು! ಒಂದೇ ಕಡೆಯಿಂದ ಕಾಣುವ ಕನ್ನಡಿಯ ಆಚೆ ಬದಿ ಅಬ್ಸರ್ವೇಶನ್ ರೂಮಿನಲ್ಲಿ ಕೂತಿದ್ದ ಇಡೀ ಬ್ಯಾಚಿಗೆ ಅವತ್ತು ನಾನು ಬೇರೆ ಪಾಠ ಮಾಡಲಿಲ್ಲ. ಹುಡುಗ ಅದೇ ದಾರಿಯಲ್ಲಿ ವಯಸ್ಸು, ಗಂಟೆ, ದುಡ್ಡಿನ ಲೆಕ್ಕಕ್ಕೆ ಹೋದ.

ರಿಪೋರ್ಟ್ ವಿಷಯದಲ್ಲಿ ನಾನು ಸ್ವಲ್ಪ ಖಡಕ್. 'ಇವತ್ತು ಚೆನ್ನಾಗಿ ಮಾಡಿದ' ಅಂತ ಬರೆದರೆ ವಾಪಸ್ ಕೊಡುತ್ತೇನೆ. ಯಾವ ಪದ, ಹತ್ತರಲ್ಲಿ ಎಷ್ಟು ಸಲ, ತಾನಾಗಿ ಹೇಳಿದನೋ ನೀನು ಹೇಳಿಕೊಟ್ಟ ಮೇಲೋ, ಅದು ಬೇಕು. ಆದರೆ ಮನೆಯವರ ಎದುರು ವಿದ್ಯಾರ್ಥಿಯನ್ನು ತಿದ್ದುವುದಿಲ್ಲ. ಅವರ ಮಗುವನ್ನು ನಂಬಿ ಈ ಹುಡುಗಿಯ ಕೈಗೆ ಕೊಟ್ಟಿದ್ದಾರೆ, ಆ ನಂಬಿಕೆಯನ್ನು ನಾನು ಒಡೆಯಬಾರದು. ಸೆಷನ್ ಮುಗಿದ ಮೇಲೆ ರೂಮಿಗೆ ಕರೆದು, ಮೊದಲು ಅವಳಿಗೇ ಏನು ಕಂಡಿತು ಅಂತ ಕೇಳುತ್ತೇನೆ. ಹೆಚ್ಚಿನ ಸಲ ನಾನು ಹೇಳಬೇಕಾದ್ದನ್ನು ಅವಳೇ ಹೇಳುತ್ತಾಳೆ.

ಈಗ ಮೂರನೇ ವರ್ಷದವರ ಜೊತೆ ತುಳು ಮನೆಯ ಮಕ್ಕಳಿಗೆ ಒಂದು ಚಿತ್ರಗಳ ಸೆಟ್ ಮಾಡುತ್ತಿದ್ದೇವೆ. ಇಗ್ಲೂ, ಸೇಬು ತೆಗೆದು ಮಗು ದಿನಾ ನೋಡುವ ವಸ್ತುಗಳನ್ನು ಹಾಕಿದ್ದೇವೆ, ಸಾಧ್ಯವಿದ್ದಷ್ಟು ಪ್ರತಿ ಧ್ವನಿಯೂ ಪದದ ಶುರುವಿನಲ್ಲಿ ಮತ್ತು ನಡುವೆ ಬರುವ ಹಾಗೆ ಆರಿಸುತ್ತಿದ್ದೇವೆ. ಬ್ಯಾರಿಯದ್ದನ್ನು ಮುಂದಿನ ಬ್ಯಾಚಿನವರು ಎತ್ತಿಕೊಳ್ಳಬೇಕು. ಮನೆಮಾತು ಬ್ಯಾರಿ ಇರುವ ಇಬ್ಬರು ಆಗಲೇ ಹೆಸರು ಕೊಟ್ಟಿದ್ದಾರೆ.