ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತು

ನಾನು ಹವ್ಯಾಸಿ ತಂಡವೊಂದಕ್ಕೆ ನಾಟಕ ಬರೆಯುತ್ತೇನೆ. ಸಂಭಾಷಣೆ ಬರೆಯುವುದನ್ನು ಕಲಿತದ್ದು ಜಾಸ್ತಿ ಚಿಂತಾಮಣಿ–ಬೆಂಗಳೂರು ಬಸ್ಸಿನಲ್ಲಿ, ಗುರುತಿಲ್ಲದವರ ಮಾತು ಕೇಳಿಸಿಕೊಂಡು.

ಎಲ್ಲ ಜಾಗವೂ ಒಂದೇ ತರಹ ಅಲ್ಲ. ದರ್ಶಿನಿಯಲ್ಲಿ ಒಂದೇ ಟೇಬಲ್ಲಿಗೆ ಮೂರು ಕಡೆಯವರು ತಟ್ಟೆ ಇಡುತ್ತಾರೆ, ಆದರೆ ತಿಂದು ಹೊರಡುವ ಆತುರದಲ್ಲಿ ಮಾತು ತುಂಡಾಗುತ್ತದೆ. ಮೆಟ್ರೋದಲ್ಲಿ ಸೀಟು ಎದುರುಬದುರು. ಎದುರಿಗೆ ಮುಖ ಕಂಡರೆ ದನಿ ತಾನಾಗೇ ತಗ್ಗುತ್ತದೆ. ದೂರದ ಬಸ್ಸೇ ವಾಸಿ. ಹಿಂದಿನ ಸೀಟಿನಲ್ಲಿ ಯಾರಿದ್ದಾರೆ ಅಂತ ಮುಂದೆ ಕೂತವರು ತಿರುಗಿ ನೋಡುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಕ್ಕತಂಗಿಯರು, ಅಕ್ಕಪಕ್ಕದ ಮನೆಯವರು ಜೊತೆಯಾಗಿ ಹೊರಡುವುದು ಹೆಚ್ಚಾಗಿದೆ. ಮನೆಯಲ್ಲಿ ಆಡಲಾಗದ್ದನ್ನು ಅವರು ಬಸ್ಸಿನಲ್ಲಿ ಆಡುತ್ತಾರೆ.

ನಾನು ವಿಷಯ ಹಿಡಿದುಕೊಳ್ಳುವುದಿಲ್ಲ. ಮಾತು ಹೇಗೆ ನಡೆಯುತ್ತದೆ ಅಂತ ನೋಡುತ್ತೇನೆ. ಸಾಲ ಕೇಳಬೇಕಾದವರು ಮೊದಲು ಮಳೆ, ಟೊಮೇಟೊ ರೇಟು, ಮಗುವಿನ ಜ್ವರ ಎಲ್ಲ ಮುಗಿಸುತ್ತಾರೆ. ದುಡ್ಡಿನ ಮಾತು ಬರುವುದು ಇಳಿಯುವ ಸ್ಟಾಪು ಹತ್ತಿರವಾದಾಗ. ಕಷ್ಟದ ಪ್ರಶ್ನೆಗೆ ನೇರ ಉತ್ತರ ಸಿಗುವುದೇ ಕಡಿಮೆ. "ಅವನು ಮನೆಗೆ ಬಂದಿದ್ನಾ?" ಅಂದರೆ "ನಿಂದು ಊಟ ಆಯ್ತಾ?" ಅಂತ ಬರುತ್ತದೆ. ಇಂಥ ತಪ್ಪಿಸಿಕೊಳ್ಳುವ ಮಾತನ್ನು ಮೇಜಿನ ಮುಂದೆ ಕೂತು ಹುಟ್ಟಿಸುವುದು ಬಹಳ ಕಷ್ಟ.

ಫೋನಿನ ಮಾತು ಬೇರೆಯೇ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಇಬ್ಬರ ಮಾತೂ ಕೇಳಿಸಿದಾಗಿಗಿಂತ ಒಬ್ಬರದ್ದು ಮಾತ್ರ ಕೇಳಿಸಿದಾಗ ನಮ್ಮ ಗಮನ ಹೆಚ್ಚು ಕೆಡುತ್ತದೆ. ಮುಂದೇನು ಅಂತ ಊಹಿಸಲು ಆಗದ್ದರಿಂದ ಮನಸ್ಸು ಅಲ್ಲಿಗೇ ಎಳೆಯುತ್ತದೆ. ನಾನಿದನ್ನು ರಂಗದ ಮೇಲೆ ಬಳಸುತ್ತೇನೆ. ಫೋನ್ ದೃಶ್ಯದಲ್ಲಿ ಆ ಕಡೆಯವರ ಮಾತನ್ನು ಯಾವ ರೀತಿಯಲ್ಲೂ ಕೇಳಿಸುವುದಿಲ್ಲ. ಜನ ಉಸಿರು ಬಿಗಿಹಿಡಿದು ಕೂರುತ್ತಾರೆ.

ಬಸ್ಸಿನಲ್ಲಿ ರೆಕಾರ್ಡ್ ಮಾಡುವುದಿಲ್ಲ, ಅಲ್ಲೇ ಬರೆದುಕೊಳ್ಳುವುದೂ ಇಲ್ಲ. ಇಳಿದ ಮೇಲೆ ನೆನಪಿನಲ್ಲಿ ಉಳಿದಷ್ಟನ್ನೇ ಬರೆಯುತ್ತೇನೆ. ಊರು, ಕಸುಬು, ಸಂಬಂಧ ಮೂರನ್ನೂ ಬದಲಿಸುತ್ತೇನೆ. ಇನ್ನೊಂದಿದೆ. ನಮ್ಮ ಕಡೆ ಗುಟ್ಟಿನ ಮಾತು ಬಂದಾಗ ಕನ್ನಡ ಬಿಟ್ಟು ತೆಲುಗಿಗೆ ಹೋಗುವವರು ತುಂಬಾ ಜನ. ದುಡ್ಡು, ಕಾಯಿಲೆ, ಮಗಳ ಸಂಸಾರ, ಹೀಗೆ. ನನಗೆ ತೆಲುಗು ಚೆನ್ನಾಗಿ ಬರುತ್ತದೆ. ಆದರೆ ಅವರು ಪರದೆ ಎಳೆದುಕೊಂಡಿದ್ದಾರೆ, ಅಲ್ವಾ? ಆಗ ಇಯರ್‌ಫೋನ್ ಹಾಕಿಕೊಂಡುಬಿಡುತ್ತೇನೆ. ಯಾರಾದರೂ ಅಳುತ್ತಿದ್ದರೂ ಅಷ್ಟೇ.

"ಬಸ್ಸಿನಲ್ಲಿ ಆಡಿದ ಮೇಲೆ ಅದು ಎಲ್ಲರದೂ ತಾನೇ?" ಅಂತ ತಂಡದ ಗೆಳೆಯರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾರ್ವಜನಿಕ ಜಾಗದಲ್ಲಿ ಇದ್ದ ಮಾತ್ರಕ್ಕೆ ಮನುಷ್ಯ ತನ್ನ ಖಾಸಗಿತನ ಕಳೆದುಕೊಳ್ಳುವುದಿಲ್ಲ ಎಂಬ ಮಾತು ಆ ತೀರ್ಪಿನಲ್ಲೇ ಇದೆ. ಆ ತೀರ್ಪು ಇರುವುದು ಸರ್ಕಾರದ ಕೈ ಕಟ್ಟಲಿಕ್ಕೆ, ನಿಜ. ಆದರೆ ಬರೆಯುವವರಿಗೂ ಆ ಮಾತು ಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಕೇಳಿಸಿದ್ದನ್ನು ಕೇಳಿಸದಂತೆ ಕೂರಬಾರದ ಹೊತ್ತೂ ಇರುತ್ತದೆ. ಒಮ್ಮೆ ಮುಂದಿನ ಸೀಟಿನ ಹಿರಿಯರೊಬ್ಬರು ಫೋನಿನಲ್ಲಿ ಕಾರ್ಡ್ ನಂಬರ್ ಹೇಳಿ, ಮೆಸೇಜಿಗೆ ಬಂದ ಒಟಿಪಿ ಓದಲು ಶುರು ಮಾಡಿದರು. ಭುಜ ಮುಟ್ಟಿ, "ಯಜಮಾನ್ರೇ, ಹೇಳ್ಬೇಡಿ, ಫೋನ್ ಇಡಿ" ಅಂದೆ. ಅವರಿಗೆ ಸಿಟ್ಟು ಬಂತು. "ಬ್ಯಾಂಕಿನವರು ಕಣಪ್ಪಾ" ಅಂದರು. ಬ್ಯಾಂಕಿನವರು ಒಟಿಪಿ ಕೇಳುವುದಿಲ್ಲ ಅಂತ ಕಂಡಕ್ಟರ್ ಕೂಡ ಹೇಳಿದ ಮೇಲೆ ಫೋನ್ ಕಟ್ ಮಾಡಿದರು. ಅವರ ಮಗನಿಗೆ ಅಲ್ಲಿಂದಲೇ ಫೋನ್ ಹಚ್ಚಿಸಿ, ಕಾರ್ಡ್ ಬ್ಲಾಕ್ ಮಾಡಿಸಿ, ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಂತ ಹೇಳಿದೆ.