ಹೊಸ್ತಿಲು ದಾಟಿದ ಉಪ್ಪುನೀರಿನ ಬೆನ್ನು ಹತ್ತಿ

ಕುಂದಾಪುರದ ಅಳಿವೆಯ ಪಕ್ಕ ಬೆಳೆದ ನನಗೆ ಸಿಹಿನೀರಿನ ಬುಡದಲ್ಲಿ ಉಪ್ಪುನೀರು ನುಗ್ಗುವುದು ಹೊಸದಲ್ಲ. ಭರತದ ಹೊತ್ತಿಗೆ ಹೊಳೆಯ ಮೇಲ್ನೀರು ಸಪ್ಪೆ ಇದ್ದರೂ ಕೆಳಗೆ ಉಪ್ಪು. ಆದರೆ ನಾನು ಅಳತೆ ಮಾಡಲು ಹೋದ ಬಾಲ್ಟಿಕ್ ಸಮುದ್ರದಲ್ಲಿ ಭರತ-ಇಳಿತ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿಗೆ ಉಪ್ಪುನೀರನ್ನು ಗಾಳಿಯೇ ತರಬೇಕು.

2014ರ ನವೆಂಬರಿನಲ್ಲಿ ಮೂಡಣ ಗಾಳಿ ವಾರಗಟ್ಟಲೆ ಬೀಸಿ ಬಾಲ್ಟಿಕ್‌ನ ನೀರನ್ನು ಹೊರಗೆ ತಳ್ಳಿತು. ಮಟ್ಟ ಇಳಿದಿತ್ತು. ಡಿಸೆಂಬರಿನಲ್ಲಿ ಪಡುವಣ ಬಿರುಗಾಳಿ ಎದ್ದಿತು. 13ರಿಂದ 26ರವರೆಗೆ ಡೆನ್ಮಾರ್ಕಿನ ಜಲಸಂಧಿಗಳ ಮೂಲಕ 198 ಘನ ಕಿಲೋಮೀಟರ್ ಉಪ್ಪುನೀರು ಒಳಬಂತು, ಅದರ ಜತೆ ಸುಮಾರು 400 ಕೋಟಿ ಟನ್ ಉಪ್ಪು. ದಾಟಬೇಕಾದ ಹೊಸ್ತಿಲುಗಳೋ, ಅಂದರೆ ಸಮುದ್ರತಳದ ದಿಬ್ಬಗಳೋ, ತೀರ ಮೇಲೆ: ಡಾರ್ಸ್ 18 ಮೀಟರ್ ಆಳ, ಡ್ರೋಗ್ಡನ್ ಬರೀ 8.

ಜನವರಿಯಲ್ಲಿ ಹೊಸ್ತಿಲು ದಾಟಿದೊಡನೆ ಸಿಗುವ ಆರ್ಕೋನಾ ಕೊಳ್ಳದಲ್ಲಿ, ಆಳ ಆಳಕ್ಕೂ ಲವಣಾಂಶ, ಉಷ್ಣತೆ ಅಳೆಯುವ ಸಿಟಿಡಿ ಉಪಕರಣ ಇಳಿಸಿದಾಗ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಉಪಕರಣ ಕೆಸರಿಗೆ ತಾಗೀತೆಂದು ಹೆದರಿ ತಳಕ್ಕಿಂತ 12 ಮೀಟರ್ ಮೇಲೆಯೇ ವಿಂಚ್ ನಿಲ್ಲಿಸಿದೆ. ತೆರೆಯ ಮೇಲೆ ಲವಣಾಂಶದ ಗೆರೆ ನೆಟ್ಟಗೆ ಇಳಿದಿತ್ತು, ಹೊಸ ನೀರಿನ ಸುಳಿವೇ ಇಲ್ಲ. ಜತೆಗಿದ್ದ ಹಿರಿಯರು, "ಇನ್ನೂ ಇಳಿಸು, ಅದು ತೆವಳಿಕೊಂಡು ಹೋಗುವ ನೀರು" ಎಂದರು. ಎರಡನೇ ಸಲ ತಳದ ದೂರ ನೋಡುತ್ತ ನಿಧಾನಕ್ಕೆ 2 ಮೀಟರಿನವರೆಗೆ ಬಿಟ್ಟೆ. ಕೊನೆಯ ಹತ್ತು ಮೀಟರಿನಲ್ಲಿ ಗೆರೆ ಒಮ್ಮೆಲೇ ಬಲಕ್ಕೆ ಜಿಗಿಯಿತು. ಮೇಲೆ ಕಿಲೋ ನೀರಿಗೆ 8 ಗ್ರಾಮಿನ ಆಸುಪಾಸಿದ್ದ ಲವಣಾಂಶ ಕೆಳಗೆ 20ರ ಹತ್ತಿರ! ಅಷ್ಟು ದೊಡ್ಡ ಪ್ರವಾಹ ಹರಿಯುತ್ತಿದ್ದದ್ದು ಅಷ್ಟು ತೆಳುವಾದ ಪದರದಲ್ಲಿ.

ಅಲ್ಲಿಂದ ಅದು ಬೋರ್ನ್‌ಹೋಮ್ ಕೊಳ್ಳ ತುಂಬಿ, ಸಮುದ್ರತಳದ ಸ್ಲುಪ್ಸ್ಕ್ ಕಾಲುವೆ ಹತ್ತಿ, ಸ್ವೀಡನ್ನಿನ ಗೋಟ್ಲಾಂಡ್ ದ್ವೀಪದ ಕಡೆಗೆ ತುಳುಕುತ್ತದೆ. ಪ್ರತಿ ಇಳಿಜಾರಿನಲ್ಲೂ ಮೇಲಿನ ಸಪ್ಪೆ ನೀರನ್ನು ಎಳೆದುಕೊಂಡು ಉಪ್ಪು ಕಡಿಮೆಯಾಗುತ್ತದೆ. 20ರ ನೀರಿಗೆ 8ರ ನೀರು ಸಮಪಾಲು ಸೇರಿದರೆ 14. ಈ ಲೆಕ್ಕಕ್ಕೆ ನಾನು ಆಳದ ಎದುರು ಲವಣಾಂಶ ಬರೆದ ನಕ್ಷೆಯನ್ನು ನಂಬುವುದಿಲ್ಲ, ಉಷ್ಣತೆಯ ಎದುರು ಲವಣಾಂಶ ಇಟ್ಟು ಚುಕ್ಕಿ ಹಾಕುತ್ತೇನೆ. ಎರಡೇ ನೀರು ಬೆರೆತಿದ್ದರೆ ಚುಕ್ಕಿಗಳು ಒಂದೇ ಗೆರೆಯಲ್ಲಿ ಕೂರುತ್ತವೆ. ಗೆರೆ ಬಾಗಿದರೆ ಮೂರನೇ ನೀರೊಂದು ಸೇರಿದೆ ಎಂದರ್ಥ. ಕೊಳ್ಳದ ನಡುವೆ ಬೆರಕೆ ಬಹಳ ನಿಧಾನ, ನೀರು ಇಳಿಜಾರಿನ ನೆಲಕ್ಕೆ ಉಜ್ಜುವ ಅಂಚುಗಳಲ್ಲೇ ಹೆಚ್ಚು. 2007ರಲ್ಲಿ ಗೋಟ್ಲಾಂಡ್ ಕೊಳ್ಳದ ಆಳಕ್ಕೆ ಗುರುತಿನ ಅನಿಲ ಬಿಟ್ಟು ಮಾಡಿದ ಪ್ರಯೋಗ ತೋರಿಸಿದ್ದೂ ಇದನ್ನೇ.

ಮಾರ್ಚಿನಲ್ಲಿ ಸುಮಾರು 250 ಮೀಟರ್ ಆಳದ ಗೋಟ್ಲಾಂಡ್ ಮಡುವಿಗೆ ಹೋದೆವು. ಹಿಂದಿನ ಯಾನಗಳಲ್ಲಿ ಅಲ್ಲಿನ ತಳದ ನೀರು ಹಿಡಿದು ತಂದ ಬಾಟಲಿಯ ನಲ್ಲಿ ತಿರುಗಿಸಿದರೆ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಆಮ್ಲಜನಕ ತೀರಿದ ನೀರಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್. ಈ ಸಲ ವಾಸನೆಯೇ ಇಲ್ಲ. ಲವಣಾಂಶ 13 ಚಿಲ್ಲರೆ. ಗಾಜಿನ ಶೀಷೆಗೆ ನೀರು ತುಂಬಿ, ಮ್ಯಾಂಗನೀಸ್ ಕ್ಲೋರೈಡ್ ಹಾಕಿ, ಆಮೇಲೆ ಕ್ಷಾರದ ಅಯೊಡೈಡ್ ಹಾಕಿ ಮುಚ್ಚಿ ಅಲ್ಲಾಡಿಸಿದೆ. ಆಮ್ಲಜನಕ ಇಲ್ಲದಿದ್ದರೆ ಬಿಳಿ ಗಷ್ಟು ಕೂರುತ್ತದೆ. ಕಂದು ಮೋಡ ಎದ್ದಿತು. ಶೀಷೆಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡುತ್ತ ನಿಂತೆ.

ಅದಕ್ಕಿಂತ ಮೇಲಿನ ಆಳದ ಬಾಟಲಿಯಲ್ಲಿ ಮಾತ್ರ ಹಳೆಯ ವಾಸನೆ ಹಾಗೇ ಇತ್ತು. ಭಾರವಾದ ಹೊಸ ನೀರು ಕೆಳಗೆ ನುಸುಳಿ, ಹಳತನ್ನು ಎತ್ತಿ ತನ್ನ ಮೇಲೆ ಹೊತ್ತುಕೊಂಡಿತ್ತು.