ಬಸವನಗುಡಿಯ ಬಾಡಿಗೆ ಕೈಮೀರಿದಾಗ: ಹಾಸನದಲ್ಲಿ ಮನೆ ಹುಡುಕಿಕೊಂಡ ಬಗೆ

ಬೆಂಗಳೂರಿನ ಬಸವನಗುಡಿಯಲ್ಲಿ ನಾವು ಬಾಡಿಗೆಗಿದ್ದ ಹಳೆಯ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸಲು ಮಾಲೀಕರು ನಿರ್ಧರಿಸಿದರು. ಎರಡು ಮಲಗುವ ಕೋಣೆಗಳ ಆ ಮನೆಗೆ ನಾವು ತಿಂಗಳಿಗೆ 28,000 ರೂಪಾಯಿ ಕೊಡುತ್ತಿದ್ದೆವು. ಅದೇ ಆಸುಪಾಸಿನಲ್ಲಿ ಅಷ್ಟೇ ಅಳತೆಯ ಮನೆಗಳಿಗೆ ಆಗ ಕೇಳುತ್ತಿದ್ದುದು 42,000 ರೂಪಾಯಿಯಿಂದ ಮೇಲಕ್ಕೆ. ಹತ್ತು ತಿಂಗಳ ಮುಂಗಡ ಮತ್ತು ನಿರ್ವಹಣಾ ಶುಲ್ಕ ಬೇರೆ. ನಾನು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದು, ಅವರ ಜಿಎಸ್‌ಟಿ ಮತ್ತು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿಕೊಡುವ ಕೆಲಸ ಮಾಡುವವನು. ಬೇರೆಯವರ ಖರ್ಚನ್ನು ದಿನವೂ ತೂಗಿ ನೋಡುವ ನನಗೆ, ದುಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಾಡಿಗೆಗೆ ಸುರಿದು ಅಲ್ಲಿಯೇ ಉಳಿಯಬೇಕೆನ್ನಲು ಒಪ್ಪುವಂಥ ಕಾರಣ ಸಿಗಲಿಲ್ಲ.

ಆ ಬಡಾವಣೆಯ ಬೆಲೆ ಏರುತ್ತಿರುವುದಕ್ಕೆ ಯಾರನ್ನೂ ದೂರಬೇಕಾಗಿಲ್ಲ. 1898ರ ಪ್ಲೇಗಿನ ನಂತರ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಮಲ್ಲೇಶ್ವರದ ಜೊತೆಯಲ್ಲಿ ರೂಪುಗೊಂಡ ಬಡಾವಣೆ ಅದು. ಅಗಲವಾದ ರಸ್ತೆ, ಮರದ ನೆರಳು, ನಡೆದು ಹೋಗುವಷ್ಟು ದೂರದಲ್ಲಿ ಮಾರುಕಟ್ಟೆ, ದೇವಸ್ಥಾನ, ಶಾಲೆ ಎಲ್ಲವೂ ಆಗಲೇ ಅದರ ನಕ್ಷೆಯಲ್ಲಿದ್ದವು. 2017ರಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದ ಮೂಲಕ ಮೆಟ್ರೊ ಬಂದ ಮೇಲೆ, ದೂರದಲ್ಲಿ ಕೆಲಸ ಮಾಡುವವರೂ ಅಲ್ಲಿ ಮನೆ ಹಿಡಿಯತೊಡಗಿದರು. ಹಳೆಯ ಒಂಟಿ ಮನೆಗಳ ಸಂಖ್ಯೆ ಇಳಿಯುತ್ತ, ಬೇಕೆನ್ನುವವರ ಸಂಖ್ಯೆ ಏರುತ್ತ ಹೋದರೆ ಬಾಡಿಗೆ ನಿಂತಲ್ಲಿ ನಿಲ್ಲುವುದಿಲ್ಲ.

ನಾವು ಮೊದಲು ಹುಡುಕಿದ್ದು ಬೆಂಗಳೂರಿನೊಳಗೇ. ಕನಕಪುರ ರಸ್ತೆಯಲ್ಲಿ ಮೆಟ್ರೊ 2021ರಿಂದ ರೇಷ್ಮೆ ಸಂಸ್ಥೆಯವರೆಗೆ ಹೋಗುತ್ತಿದೆ. ಆ ದಾರಿಯುದ್ದಕ್ಕೂ, ತಲಘಟ್ಟಪುರದ ಕಡೆಯ ಒಳರಸ್ತೆಗಳಲ್ಲೂ, ಕೆಂಗೇರಿಯಲ್ಲೂ ಮನೆಗಳನ್ನು ನೋಡಿದೆವು. ಬಾಡಿಗೆ ಕಡಿಮೆಯಿತ್ತು ನಿಜ, ಆದರೆ ನಾವು ನೋಡಿದ ಮನೆಗಳಿಂದ ತರಕಾರಿಗೂ, ಔಷಧಿಗೂ, ನನ್ನ ಅಮ್ಮ ಹೋಗಿಬರುವ ದೇವಸ್ಥಾನಕ್ಕೂ ವಾಹನ ಬೇಕಿತ್ತು. ಬಸವನಗುಡಿಯ ಗಾಂಧಿಬಜಾರಿಗೆ ಬರಬೇಕೆಂದರೆ ಅರ್ಧ ದಿನ ಮೀಸಲಿಡಬೇಕು, ಹಾಗಾಗಿ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಆಗ ನನ್ನ ಹೆಂಡತಿ ಕೇಳಿದ ಒಂದು ಪ್ರಶ್ನೆ ಹುಡುಕಾಟದ ದಿಕ್ಕನ್ನೇ ಬದಲಿಸಿತು: "ತಿಂಗಳಿಗೊಂದು ಸಲ ಬರೋದೇ ಆದ್ರೆ ತಲಘಟ್ಟಪುರದಿಂದ ಯಾಕ್ರೀ ಬರಬೇಕು, ಹಾಸನದಿಂದ್ಲೇ ಬರಬಹುದಲ್ಲ?" ಅವಳ ತವರಿನ ಬಂಧುಗಳು ಚನ್ನರಾಯಪಟ್ಟಣದ ಕಡೆ ಇರುವುದರಿಂದ ಅವಳ ಬಾಯಿಗೆ ಬಂದದ್ದು ಹಾಸನದ ಹೆಸರು.

ಮಾತಿಗೆ ಬಂದ ಪ್ರಶ್ನೆಯಾದರೂ ಅದನ್ನು ಹಿಡಿದು ಒಂದು ಪಟ್ಟಿ ಮಾಡಿದೆ. ಬಸವನಗುಡಿಯಲ್ಲಿ ನಮಗೆ ಇಷ್ಟವಾದದ್ದೆಲ್ಲವನ್ನೂ ಬರೆದು, ಪ್ರತಿಯೊಂದರ ಮುಂದೆ ಅದು ದಿನಕ್ಕೆ ಬೇಕೋ, ವಾರಕ್ಕೆ ಬೇಕೋ, ತಿಂಗಳಿಗೋ ವರ್ಷಕ್ಕೋ ಎಂದು ಗುರುತು ಹಾಕಿದೆ. ತರಕಾರಿ, ಹೂವು, ಹಾಲು, ಕಾಫಿ ಪುಡಿ, ಬೆಳಗಿನ ನಡಿಗೆಗೊಂದು ಉದ್ಯಾನ, ಅಮ್ಮ ಒಬ್ಬರೇ ಹೋಗಿಬರಬಹುದಾದ ದೇವಸ್ಥಾನ ಮತ್ತು ವೈದ್ಯರು ದಿನಕ್ಕೆ ಅಥವಾ ವಾರಕ್ಕೆ ಸೇರಿದವು. ಕಕ್ಷಿದಾರರ ಭೇಟಿ, ಪುಸ್ತಕದ ಅಂಗಡಿ, ವರ್ಲ್ಡ್ ಕಲ್ಚರ್ ಸಂಸ್ಥೆಯ ಗ್ರಂಥಾಲಯ, ಗೋಖಲೆ ಸಂಸ್ಥೆಯ ಉಪನ್ಯಾಸಗಳು ತಿಂಗಳ ಲೆಕ್ಕಕ್ಕೆ ಬಂದವು. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ, ರಾಮನವಮಿಯ ಕಾಲದಲ್ಲಿ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಲ್ಲಿ ನಡೆಯುವ ಸಂಗೀತ ಕಛೇರಿಗಳು ವರ್ಷಕ್ಕೆ ಸೇರಿದವು. ನಮ್ಮನ್ನು ಬಸವನಗುಡಿಗೆ ಕಟ್ಟಿಹಾಕಿದ್ದವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದುವೆಲ್ಲ ತಿಂಗಳಿಗೆ ಅಥವಾ ವರ್ಷಕ್ಕೆ ಸೇರಿದ್ದವು. ದಿನಕ್ಕೆ ಸೇರಿದವು ಯಾವ ಹಳೆಯ ಊರಿನಲ್ಲೂ ಸಿಗುವಂಥವು. ದಿನದವು ಕಾಲ್ನಡಿಗೆಯ ದೂರದಲ್ಲಿರಬೇಕು, ತಿಂಗಳವು ನೇರ ರೈಲಿನ ದೂರದಲ್ಲಿದ್ದರೆ ಸಾಕು. ಅಲ್ಲಿಂದ ಮುಂದೆ ಪ್ರತಿ ಊರನ್ನೂ ಈ ಎರಡು ಅಳತೆಗಳಿಂದಲೇ ನೋಡಿದೆವು.

ಮೈಸೂರಿನಲ್ಲಿ ನಮಗೆ ಒಪ್ಪಿಗೆಯಾದ ಹಳೆಯ ಬಡಾವಣೆಗಳ ಬಾಡಿಗೆ ಬೆಂಗಳೂರಿನ ಹಿಂದೆಯೇ ಓಡುತ್ತಿತ್ತು, ಅದನ್ನು ಬೇಗ ಕೈಬಿಟ್ಟೆವು. ಚಿಕ್ಕಮಗಳೂರು ನನಗೆ ಹಾಸನಕ್ಕಿಂತ ಹೆಚ್ಚು ಪ್ರಿಯವಾದ ಊರು. ಆದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳಿಗೆ ವಾರಾಂತ್ಯದಲ್ಲಿ ಬರುವವರಿಗಾಗಿ ಮನೆಗಳು ಹೋಂಸ್ಟೇಗಳಾಗುತ್ತಿರುವ ಊರಿನಲ್ಲಿ, ಮೂರು ರಾತ್ರಿಗೆ ಬರುವವರ ದರದೊಡನೆ ವರ್ಷವಿಡೀ ಇರುವ ಬಾಡಿಗೆದಾರ ಪೈಪೋಟಿ ಮಾಡಬೇಕಾಗುತ್ತದೆ. ರೈಲಿನ ಅಳತೆಯಲ್ಲೂ ಅದು ಹಿಂದೆ ಬಿತ್ತು. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ಹಳಿ ಬಂದಿದ್ದರೂ ಆ ಕವಲಿನಲ್ಲಿ ಓಡುವ ರೈಲುಗಳು ಕಡಿಮೆ. ಬೆಂಗಳೂರಿಗೆ ನಮಗೆ ಬೇಕಾದ ಹೊತ್ತಿಗೆ ಹೊರಡಬೇಕಾದರೆ ಕಡೂರಿಗೋ ಬೀರೂರಿಗೋ ಹೋಗಿ ಹಿಡಿಯಬೇಕು.

ಹಾಸನಕ್ಕೆ 2017ರ ಮಾರ್ಚ್‌ನಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೂಲಕ ನೇರ ರೈಲು ಮಾರ್ಗ ತೆರೆಯಿತು. ಅದಕ್ಕೆ ಮೊದಲು ಅರಸೀಕೆರೆಯನ್ನೋ ಮೈಸೂರನ್ನೋ ಬಳಸಿ ಬರಬೇಕಿತ್ತು. ಈಗ ಬೆಳಗಿನ ಇಂಟರ್‌ಸಿಟಿ ರೈಲು ಹತ್ತಿದರೆ ಸುಮಾರು ಮೂರು ಗಂಟೆಯಲ್ಲಿ ಯಶವಂತಪುರ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೊ ಎಲ್ಲಿಯೂ ಬದಲಿಸದೆ ನೇರವಾಗಿ ನ್ಯಾಷನಲ್ ಕಾಲೇಜಿಗೆ ತಂದಿಳಿಸುತ್ತದೆ. ಸಂಜೆ ಅದೇ ದಾರಿಯಲ್ಲಿ ವಾಪಸು. ಬೇರೆ ಊರುಗಳ ಜೊತೆ ಹೋಲಿಸುವ ಕೆಲಸ ಬಹುಮಟ್ಟಿಗೆ ಇಲ್ಲಿಗೇ ಮುಗಿಯಿತು. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಹವೆಯೂ ಬೆಂಗಳೂರಿನಂತೆಯೇ ತಂಪು, ಜಿಲ್ಲಾ ಕೇಂದ್ರವಾದ್ದರಿಂದ ವೈದ್ಯಕೀಯ ಕಾಲೇಜಿನ ದೊಡ್ಡ ಸರ್ಕಾರಿ ಆಸ್ಪತ್ರೆಯೂ ಊರೊಳಗೇ ಇದೆ.

ಊರು ನಿರ್ಧಾರವಾದರೆ ಬಡಾವಣೆ ನಿರ್ಧಾರವಾದಂತಲ್ಲ. ಹೆಚ್ಚು ಸಮಯ ತೆಗೆದುಕೊಂಡದ್ದು ಈ ಭಾಗವೇ. ದಲ್ಲಾಳಿಗಳು ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ಊರಂಚಿನ ಹೊಸ ಬಡಾವಣೆಗಳಿಗೆ. ಬೆಂಗಳೂರಿನಿಂದ ಬಂದವರಿಗೆ ಹೊಸ ಟೈಲ್ಸು, ಕಾರು ನಿಲ್ಲಿಸುವ ಜಾಗ, ಎರಡು ಸ್ನಾನದ ಮನೆ ಬೇಕೆಂಬುದು ಅವರ ನಂಬಿಕೆ. ಮನೆಗಳು ಚೆನ್ನಾಗಿದ್ದವು, 10,000 ರೂಪಾಯಿಗೂ ಸಿಗುತ್ತಿದ್ದವು. ಆದರೆ ಸಂಜೆ ಆರು ಗಂಟೆಗೆ ಅಲ್ಲಿ ನಿಂತರೆ ಖಾಲಿ ನಿವೇಶನಗಳಲ್ಲಿ ಪಾರ್ಥೇನಿಯಂ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕೊತ್ತಂಬರಿ ಸೊಪ್ಪಿಗೂ ಸ್ಕೂಟರ್ ತೆಗೆಯಬೇಕು. ತಲಘಟ್ಟಪುರದಲ್ಲಿ ಬೇಡವೆಂದದ್ದನ್ನೇ ಇಲ್ಲಿ ಅಗ್ಗಕ್ಕೆ ಕೊಂಡಂತಾಗುತ್ತಿತ್ತು. ಹಾಸನದ ಊರೊಳಗಿನ ಕೆ.ಆರ್. ಪುರಂ ನಾವು ಬಯಸಿದಂತೆಯೇ ಇತ್ತು, ಬಾಡಿಗೆಯೂ ಹಾಸನದ ಮಟ್ಟಿಗೆ ಬಸವನಗುಡಿಯದೇ. ಹಾಸನಾಂಬ ದೇವಾಲಯದ ಹತ್ತಿರದ ಹಳೆಯ ಬೀದಿಗಳಲ್ಲಿ ಒಂದು ಮನೆ ಅಮ್ಮನಿಗೆ ಬಹಳ ಹಿಡಿಸಿತ್ತು. ಆದರೆ ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆರೆದು ಬಲಿಪಾಡ್ಯಮಿಯ ಆಸುಪಾಸಿನವರೆಗೆ ನಡೆಯುವ ದರ್ಶನದ ದಿನಗಳಲ್ಲಿ ಆ ಬೀದಿಗಳಲ್ಲಿ ಸರತಿ ಸಾಲು, ಬ್ಯಾರಿಕೇಡು. ದೀಪಾವಳಿಗೆ ಮನೆಗೆ ಬರುವ ನೆಂಟರು ಎಲ್ಲಿ ವಾಹನ ಬಿಟ್ಟು ಹೇಗೆ ಬರಬೇಕೆಂಬುದೇ ಪ್ರಶ್ನೆಯಾಗುತ್ತಿತ್ತು.

ಕೊನೆಗೆ ನಮ್ಮ ನಡಿಗೆಯ ಅಳತೆಗೆ ಹೊಂದಿದ್ದು ಸಾಲಗಾಮೆ ರಸ್ತೆಯಿಂದ ಒಳಕ್ಕಿರುವ ಹಳೆಯ ಅಡ್ಡರಸ್ತೆಗಳು. ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಆ ಭಾಗದಲ್ಲಿರುವುದರಿಂದ ಅಂಗಡಿ, ಹೋಟೆಲು, ಜೆರಾಕ್ಸು, ಔಷಧಿಗೆ ಬರವಿಲ್ಲ. ಹಾಸನಾಂಬ ಕಲಾಕ್ಷೇತ್ರವೂ ಅದೇ ರಸ್ತೆಯಲ್ಲಿದೆ. ಕಾಲೇಜಿಗೆ ತೀರಾ ಅಂಟಿಕೊಂಡ ಮನೆಗಳನ್ನು ಮಾತ್ರ ಬಿಟ್ಟೆವು, ಏಕೆಂದರೆ ಅಲ್ಲಿ ಕೋಣೆಗೊಂದರಂತೆ ವಿದ್ಯಾರ್ಥಿಗಳಿಗೆ ಬಾಡಿಗೆ ಕೊಡುವುದರಿಂದ ಇಡೀ ಮನೆಯ ದರ ಏರಿರುತ್ತದೆ. ಮನೆ ನೋಡಿದ ಮೇಲೆ ನಾನು ಮತ್ತು ಅಮ್ಮ ಅಲ್ಲಿಂದ ಪ್ರತಿಯೊಂದು ಜಾಗಕ್ಕೂ ಅವರ ನಡಿಗೆಯ ವೇಗದಲ್ಲೇ ನಡೆದು ನೋಡಿದೆವು. ಮೊಬೈಲಿನ ನಕ್ಷೆ ತೋರಿಸುವ ನಿಮಿಷಗಳನ್ನು ಮಂಡಿನೋವಿರುವವರ ವಿಷಯದಲ್ಲಿ ನಂಬಬಾರದು. ಚರಂಡಿಯ ಮೇಲೆ ಚಪ್ಪಡಿಯಿಲ್ಲದ ಕಡೆ, ಬೀದಿದೀಪವಿಲ್ಲದ ಕಡೆ ಅವರು ಹೆಜ್ಜೆ ಇಡುವುದೇ ಇಲ್ಲ.

ಮನೆ ಸಿಕ್ಕಿದ್ದು ದಲ್ಲಾಳಿಯಿಂದಲ್ಲ, ಕಾಫಿ ಪುಡಿ ಅಂಗಡಿಯವರ ಮಾತಿನಿಂದ. ಅವರಿಗೆ ಬೀದಿಯ ಯಾವ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆಂಬುದು ಬೋರ್ಡು ತೂಗುವ ಮೊದಲೇ ಗೊತ್ತಿರುತ್ತದೆ. ಮನೆಯೊಡತಿ ಕೆಳಗಿನ ಮನೆಯಲ್ಲಿರುವ ಹಿರಿಯರು. ಅವರ ಮೊದಲ ಪ್ರಶ್ನೆ, "ಬೆಂಗಳೂರಲ್ಲಿ ಎಷ್ಟು ಬಾಡ್ಗೆ ಕೊಡ್ತಿದ್ರಿ ಸಾರ್?" ಎಂಬುದಾಗಿತ್ತು. ಆ ಪ್ರಶ್ನೆಗೆ ಸಂಖ್ಯೆ ಹೇಳಿದರೆ ಮಾತುಕತೆ ಅಲ್ಲಿಂದಲೇ ಆರಂಭವಾಗುತ್ತದೆ. "ಅದು ಅಲ್ಲಿನ ಲೆಕ್ಕ ಅಮ್ಮ, ಮುಂಚೆ ಇದ್ದೋರು ಎಷ್ಟು ಕೊಡ್ತಿದ್ರು ಹೇಳಿ" ಎಂದೆ. ಅವರು ನಕ್ಕು 12,000 ಎಂದರು; 13,000ಕ್ಕೆ ಒಪ್ಪಿ, ಒಂದು ಲಕ್ಷ ಮುಂಗಡ ಕೊಟ್ಟೆವು. ಎರಡನೆಯ ಪ್ರಶ್ನೆ "ತಾವು ಯಾವ ಜನ?" ಎಂಬುದು. ಬಸವನಗುಡಿಯಲ್ಲಿಯೂ ಅದನ್ನು ಕೇಳುತ್ತಿದ್ದರು, ಸುತ್ತಿ ಬಳಸಿ. ಎರಡೂ ಕಡೆ ಅದು ನನಗೆ ಹಿಡಿಸದ ಪ್ರಶ್ನೆಯೇ. ಊರು ಬದಲಿಸಿದರೆ ಅದು ತಪ್ಪುತ್ತದೆಂದು ಯಾರೂ ಎಣಿಸಬೇಕಾಗಿಲ್ಲ.

ಭೋಗ್ಯದ (ತಿಂಗಳ ಬಾಡಿಗೆಯ ಬದಲು ದೊಡ್ಡ ಮೊತ್ತವೊಂದನ್ನು ಮಾಲೀಕರಿಗೆ ಕೊಟ್ಟು, ಮನೆ ಬಿಡುವಾಗ ಅದನ್ನು ವಾಪಸು ಪಡೆಯುವ ಪದ್ಧತಿ) ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಾಸನದಲ್ಲಿ ಮನೆ ಹುಡುಕುವವರಿಗೆ ಬಾಡಿಗೆಯಷ್ಟೇ ಸಲೀಸಾಗಿ ಭೋಗ್ಯದ ಮಾತೂ ಬರುತ್ತದೆ. ಇನ್ನೊಂದು ಮನೆಗೆ ಮೂರು ವರ್ಷಕ್ಕೆ ಒಂಬತ್ತು ಲಕ್ಷ ಕೇಳಿದ್ದರು. ಆ ಹಣ ಬ್ಯಾಂಕಿನಲ್ಲಿ ಶೇಕಡಾ 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 63,000 ರೂಪಾಯಿ, ಅಂದರೆ ತಿಂಗಳಿಗೆ 5,250 ಬಡ್ಡಿ ಬರುತ್ತದೆ. ಕಳೆದುಕೊಳ್ಳುವ ಆ ಬಡ್ಡಿಯೇ ಭೋಗ್ಯದ ಮನೆಯ ನಿಜವಾದ ಬಾಡಿಗೆ. 13,000ದ ಮುಂದೆ ಅದು ಅರ್ಧಕ್ಕಿಂತ ಕಡಿಮೆ. ಲೆಕ್ಕ ಇಷ್ಟೇ ಆಗಿದ್ದರೆ ಎಲ್ಲರೂ ಭೋಗ್ಯಕ್ಕೇ ಹೋಗಬೇಕು. ಆದರೆ ಮಾಲೀಕರು ಆ ಹಣವನ್ನು ಸಾಮಾನ್ಯವಾಗಿ ಖರ್ಚು ಮಾಡಿರುತ್ತಾರೆ, ಮುಂದಿನ ಭೋಗ್ಯದಾರ ಬರುವವರೆಗೆ ನಮ್ಮದು ವಾಪಸು ಬರುವುದಿಲ್ಲ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಅದು ತೀರದೆ ಹೋದರೆ ಮೊದಲ ಹಕ್ಕು ಬ್ಯಾಂಕಿನದು. ಆದ್ದರಿಂದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆ ಸ್ವತ್ತಿನ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆದು ನೋಡಬೇಕು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿಸಲೇಬೇಕು. ಛಾಪಾ ಕಾಗದದಲ್ಲಿ ಬರೆದು ನೋಟರಿ ಮೊಹರು ಹಾಕಿಸಿದ ಮಾತ್ರಕ್ಕೆ ಅದು ನೋಂದಣಿಯಾಗುವುದಿಲ್ಲ. ನೋಂದಣಿ ಎಂದಕೂಡಲೇ ಆ ಮಾಲೀಕರು ಹಿಂದೆ ಸರಿದರು, ನಮಗೆ ಬೇಕಾದ ಉತ್ತರ ಅದರಲ್ಲೇ ಸಿಕ್ಕಿತು. ನಾವು ಹನ್ನೊಂದು ತಿಂಗಳ ಬಾಡಿಗೆ ಕರಾರಿಗೇ ಉಳಿದೆವು.

ಸಾಮಾನು ಸಾಗಿಸುವುದು, ಗ್ಯಾಸ್ ಸಂಪರ್ಕದ ವರ್ಗಾವಣೆ, ಆಧಾರ್ ವಿಳಾಸ, ಮತದಾರರ ಪಟ್ಟಿಗೆ ನಮೂನೆ 8 ಇವೆಲ್ಲ ಎಲ್ಲರೂ ಮಾಡುವಂಥವೇ.

ತಿಂಗಳ ಬೆಂಗಳೂರು ಪ್ರಯಾಣವನ್ನು ನನ್ನ ಕೆಲಸದ ಗಡುವಿಗೆ ಹೊಂದಿಸಿಕೊಂಡಿದ್ದೇನೆ. ತಿಂಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನಿಗೆ 11ನೆಯ ತಾರೀಖು, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20ನೆಯ ತಾರೀಖು ಕೊನೆಯ ದಿನವಾದ್ದರಿಂದ ಅಲ್ಲಿಯವರೆಗೆ ಮನೆಯಲ್ಲೇ ಕೂತು ಕೆಲಸ. ಬಿಲ್ಲುಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. 20 ಕಳೆದ ಮೇಲೆ ಒಂದು ದಿನ ಬೆಳಗಿನ ರೈಲಿಗೆ ಹೊರಟು ಕಕ್ಷಿದಾರರನ್ನು ಕಂಡು, ಗ್ರಂಥಾಲಯಕ್ಕೆ ಹೋಗಿ, ಉಪನ್ಯಾಸವೇನಾದರೂ ಇದ್ದರೆ ತಂಗಿಯ ಮನೆಯಲ್ಲಿ ರಾತ್ರಿ ಉಳಿದು ಬರುತ್ತೇನೆ. ಹೆಂಡತಿ ಬರುವಾಗ ಕೆಎಸ್‌ಆರ್‌ಟಿಸಿ ಬಸ್ಸನ್ನೇ ಆರಿಸುತ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ವೇಗದೂತ ಬಸ್ಸು ಅವಳಿಗೆ ಉಚಿತ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿದ್ದನ್ನೂ ಸೇರಿಸಿದರೂ ಇಬ್ಬರ ತಿಂಗಳ ಪ್ರಯಾಣ, ಊಟ ಎಲ್ಲ ಕೂಡಿ 2,000 ರೂಪಾಯಿ ದಾಟುವುದು ಅಪರೂಪ. 13,000ಕ್ಕೆ ಅದನ್ನು ಕೂಡಿಸಿ 42,000ದ ಪಕ್ಕದಲ್ಲಿಟ್ಟು ನೋಡಿದರೆ ಉಳಿತಾಯವೆಷ್ಟೆಂಬುದು ಕಾಣುತ್ತದೆ.

ಕೊರತೆಗಳೂ ಇವೆ. ಉಪನ್ಯಾಸ, ಕಛೇರಿಗಳು ಇಲ್ಲಿ ವಾರವಾರ ಇರುವುದಿಲ್ಲ. ಕಲಾಕ್ಷೇತ್ರದಲ್ಲಿ ನಾಟಕವಿದ್ದರೆ ತಪ್ಪಿಸುವುದಿಲ್ಲ, ಇಲ್ಲದಿದ್ದರೆ ಇಲ್ಲ. ವಿಶೇಷ ತಜ್ಞ ವೈದ್ಯರ ವಿಷಯದಲ್ಲಿ ಅಮ್ಮನ ಹೃದಯದ ತಪಾಸಣೆಗೆ ನಾವು ಇನ್ನೂ ಬೆಂಗಳೂರನ್ನೇ ನೆಚ್ಚಿದ್ದೇವೆ. ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಊರಾದ್ದರಿಂದ ಜುಲೈನ ಜಿಟಿಜಿಟಿ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ಪಶ್ಚಿಮದ ಗೋಡೆ ತೇವ ಹಿಡಿಯುತ್ತದೆ. ಆದ್ದರಿಂದ ಮನೆ ನೋಡಲು ಬರುವವರಿಗೆ ನಾನು ಹೇಳುವುದು ಮಳೆಗಾಲದಲ್ಲೇ ಬನ್ನಿ ಎಂದು. ಬೇಸಿಗೆಯಲ್ಲಿ ಸುಣ್ಣ ಬಳಿದ ಗೋಡೆ ಏನನ್ನೂ ಹೇಳುವುದಿಲ್ಲ. ಕುಡಿಯುವ ನೀರಿನ ಬಗ್ಗೆ ಮಾತ್ರ ಏಪ್ರಿಲ್‌ನಲ್ಲಿ ವಿಚಾರಿಸಬೇಕು: ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ನೆಲದಡಿಯ ತೊಟ್ಟಿ ಎಷ್ಟು ದೊಡ್ಡದು, ಮನೆಗೆ ಕೊಳವೆಬಾವಿ ಇದೆಯೇ ಎಂದು ಮಾಲೀಕರನ್ನಲ್ಲ, ಪಕ್ಕದ ಮನೆಯ ಬಾಡಿಗೆದಾರರನ್ನು ಕೇಳಬೇಕು.

ನಮ್ಮಂಥವರು ಬಂದು ಸೇರುವುದರಿಂದ ಇಲ್ಲಿನ ಬಾಡಿಗೆಯೂ ಏರುತ್ತದೆಂಬುದು ನನಗೆ ತಿಳಿಯದ ವಿಷಯವಲ್ಲ. ಅದಕ್ಕೇ ಕರಾರಿನಲ್ಲಿ ಪ್ರತಿ ನವೀಕರಣಕ್ಕೆ ಶೇಕಡಾ 5ಕ್ಕಿಂತ ಹೆಚ್ಚು ಏರಿಸುವಂತಿಲ್ಲವೆಂದು ಮೊದಲೇ ಬರೆಸಿಕೊಂಡಿದ್ದೆ. ಮೊದಲ ನವೀಕರಣದಲ್ಲಿ ಬಾಡಿಗೆ 13,650 ಆಯಿತು, ಮನೆಯೊಡತಿ ಮಾಳಿಗೆಯ ಸೋರಿಕೆಯನ್ನು ತಮ್ಮ ಖರ್ಚಿನಲ್ಲೇ ಸರಿಪಡಿಸಿಕೊಟ್ಟರು.